ಎಡಗಾಲಿನ ವಿದ್ಯಾಭ್ಯಾಸ

ಭಾನುವಾರ ಊಟಕ್ಕೆ ತಮ್ಮ ಬಂದನೆಂದರೆ ಡಾಕ್ಟರಮ್ಮನ ಮನೆಯ ಊಟದ ಮೇಜು ಗ್ಯಾರೇಜಾಗಿಬಿಡುತ್ತಿತ್ತು. ಅವಳು ಹಲ್ಲಿನ ಡಾಕ್ಟರು. ವಾರವಿಡೀ ಕಂಡವರ ಬಾಯಿ ತೆರೆಸುವುದೇ ಅವಳ ಕೆಲಸ. ಭಾನುವಾರ ಮಾತ್ರ ಎರಡು ಬಾಯಿಗಳನ್ನು ಮುಚ್ಚಿಸುವುದು ಹೇಗೆಂದು ತಿಳಿಯದೆ ಒದ್ದಾಡುತ್ತಿದ್ದಳು. ಒಂದು ಗಂಡನ ಬಾಯಿ, ಇನ್ನೊಂದು ತಮ್ಮನದು. ಜಗಳದ ವಿಷಯ ಯಾವಾಗಲೂ ಒಂದೇ: ಕಾರಿನ ಗೇರು ನಾವು ಹಾಕುವಂಥದ್ದಿರಬೇಕೋ, ತಾನೇ ಬೀಳುವಂಥದ್ದಿರಬೇಕೋ.

ಗಂಡನಿಗೆ ಪೇಟೆಬೀದಿಯಲ್ಲಿ ಕನ್ನಡಕದ ಅಂಗಡಿ. ಮದುವೆಯಾದ ಮರುವರ್ಷ ಕೊಂಡ ಕೆಂಪು ಕಾರನ್ನೇ ಇನ್ನೂ ಇಟ್ಟುಕೊಂಡಿದ್ದ. ಅದರ ಬಣ್ಣ ಮಾಸಿತ್ತು, ಹಿಂದಿನ ಬಲಬಾಗಿಲು ಒಳಗಿನಿಂದ ತೆಗೆಯಲು ಬರುತ್ತಿರಲಿಲ್ಲ, ಕಿಟಕಿಯ ಗಾಜು ಏರಿಸಲು ಒಂದು ಕೈಯಿಂದ ಹಿಡಿಯನ್ನು ತಿರುಗಿಸುತ್ತ ಇನ್ನೊಂದು ಕೈಯಿಂದ ಗಾಜನ್ನು ಮೇಲಕ್ಕೆ ಎತ್ತಬೇಕಿತ್ತು. ಆದರೂ ಗೇರು ಮಾತ್ರ ಬೆಣ್ಣೆ ಅನ್ನುತ್ತಿದ್ದ. ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಸರಿಯಾದ ಗಳಿಗೆಯಲ್ಲಿ ಕ್ಲಚ್ ಒತ್ತಿ, ಎರಡರಿಂದ ಮೂರಕ್ಕೆ ನಯವಾಗಿ ಜಾರಿಸುವ ಸುಖವಿಲ್ಲದಿದ್ದರೆ ಅದು ಕಾರೇ ಅಲ್ಲ, ಅಡ್ಡಡ್ಡ ಓಡುವ ಲಿಫ್ಟು ಎಂಬುದು ಅವನ ಸಿದ್ಧಾಂತ. ನೆಂಟರಿಷ್ಟರು ಹಿಂದಿನಿಂದ ಅವನನ್ನು ಗೇರಪ್ಪ ಅನ್ನುತ್ತಿದ್ದರು. ಅದು ಅವನ ಕಿವಿಗೂ ಬಿದ್ದಿತ್ತು. ಬಿರುದು ಎಂದುಕೊಂಡು ಸುಮ್ಮನಿದ್ದ.

ತಮ್ಮನದು ಹಾಸಿಗೆ ದಿಂಬಿನ ಅಂಗಡಿ. ಸುಖವೆಂದರೇನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನ ಹತ್ತಿರ ಬಿಳಿಯ ಆಟೋಮ್ಯಾಟಿಕ್ ಕಾರಿತ್ತು. ಗೇರಿನ ಕಡ್ಡಿಯನ್ನು ‘ಡಿ’ಗೆ ಎಳೆದು ಕೂತರೆ ಮುಗಿಯಿತು; ಕಾಲೂರಿದರೆ ಹೋಗುತ್ತದೆ, ಬ್ರೇಕ್ ಒತ್ತಿದರೆ ನಿಲ್ಲುತ್ತದೆ, ಮಿಕ್ಕಿದ್ದನ್ನು ಕಾರೇ ನೋಡಿಕೊಳ್ಳುತ್ತದೆ. ಸಂಜೆಯ ಟ್ರಾಫಿಕ್ಕಿನಲ್ಲಿ ಮಿನಿಟಿಗೊಂದು ಸಲ ಕ್ಲಚ್ ತುಳಿಯುವ ಭಾವನನ್ನು ನೋಡಿದರೆ ಅವನಿಗೆ ಹೊಲಿಗೆ ಯಂತ್ರದ ಮುಂದೆ ಕೂತವರ ನೆನಪಾಗುತ್ತಿತ್ತಂತೆ. ಅಷ್ಟು ತುಳಿದಿದ್ದಕ್ಕೆ ಒಂದು ಜೊತೆ ದಿಂಬಿನ ಕವರಾದರೂ ಹೊಲಿದಾಗಬೇಕಿತ್ತಲ್ಲ ಎಂದು ಕಾಲೆಳೆಯುತ್ತಿದ್ದ.

ಇಂಥ ಮಾತಿಗೆ ಗಂಡ ಸುಮ್ಮನಿರುತ್ತಾನೆಯೇ? ನೀರಿನ ಜಗ್ಗಿನೊಳಗೆ ಸೌಟು ನಿಲ್ಲಿಸಿ, ಮೂರರಿಂದ ನಾಲ್ಕಕ್ಕೆ ಹೋಗುವಾಗ ಮಣಿಕಟ್ಟು ಹೇಗೆ ಸಡಿಲವಿರಬೇಕೆಂದು ತೋರಿಸುತ್ತಿದ್ದ. ತಮ್ಮ ಕುರ್ಚಿಗೆ ಒರಗಿ, ಎರಡೂ ಕೈ ತಲೆಯ ಹಿಂದೆ ಕಟ್ಟಿಕೊಂಡು, ತಾನು ಮೂರರಿಂದ ನಾಲ್ಕಕ್ಕೆ ಹೋಗುವುದು ಹೀಗೆ ಎಂದು ತೋರಿಸುತ್ತಿದ್ದ. ಬಡಿಸಿದ್ದು ತಟ್ಟೆಯಲ್ಲಿ ಆರುತ್ತಿತ್ತು. ನಡುವೆ ಡಾಕ್ಟರಮ್ಮ ಒಂದು ಮಾತು ಸೇರಿಸಲು ಹೋದರೆ ಇಬ್ಬರೂ ಒಂದಾಗಿಬಿಡುತ್ತಿದ್ದರು: ನಿನಗೆ ಇದೆಲ್ಲ ತಿಳಿಯುವುದಿಲ್ಲ, ನೀನು ಸ್ಟೀರಿಂಗ್ ಮುಟ್ಟಿದವಳಲ್ಲ. ವರ್ಷಗಟ್ಟಲೆ ಜಗಳವಾಡಿದ ಭಾವ ಭಾಮೈದರಿಗೆ ಒಮ್ಮತವಿದ್ದ ಸಂಗತಿ ಇದೊಂದೇ.

ಮುಟ್ಟಿದವಳಲ್ಲ ಎನ್ನುವುದು ಪೂರ್ತಿ ನಿಜವೂ ಅಲ್ಲ. ಮದುವೆಯಾದ ಹೊಸತರಲ್ಲಿ ಗಂಡ ಅವಳನ್ನು ಶಾಲೆಯ ಮೈದಾನಕ್ಕೆ ಕರೆದೊಯ್ದು ಕಾರು ಕಲಿಸಲು ನೋಡಿದ್ದ. ಕ್ಲಚ್ ಎಂಬ ಒಂದೇ ಶಬ್ದವನ್ನು ಮನುಷ್ಯ ಎಷ್ಟು ಬಗೆಯಲ್ಲಿ ಹೇಳಬಹುದೆಂದು ಅವಳಿಗೆ ಅಂದು ಗೊತ್ತಾಯಿತು: ಬೇಡುವ ಹಾಗೆ, ಗದರುವ ಹಾಗೆ, ಅಳುವ ಹಾಗೆ. ಮೈದಾನವನ್ನು ಒಂದು ಸುತ್ತು ಹಾಕುವಷ್ಟರಲ್ಲಿ ಅವಳು ಕಾರು ನಿಲ್ಲಿಸಿ, ಇಳಿದು, ಬಾಗಿಲನ್ನು ಮೆತ್ತಗೆ ಮುಚ್ಚಿ, ನಡೆದುಕೊಂಡು ಮನೆಗೆ ಹೋದಳು. ಬಾಗಿಲು ಬಡಿದಿದ್ದರೆ ಅದೊಂದು ಜಗಳವಾಗಿ ಮುಗಿಯುತ್ತಿತ್ತು. ಮೆತ್ತಗೆ ಮುಚ್ಚಿದ್ದರಿಂದ ಇಬ್ಬರೂ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಹೀಗಿರುವಾಗ ಒಂದು ದಿನ ಕ್ಲಿನಿಕ್ಕಿಗೆ ಒಬ್ಬ ಹೆಂಗಸು ಬಂದರು. ದಪ್ಪನೆಯ ಆಳು, ಮೋಟು ಕೂದಲು, ಕೊರಳಲ್ಲಿ ದಾರಕ್ಕೆ ಕಟ್ಟಿದ ಒಂದು ಸೀಟಿ. ದವಡೆ ಹಲ್ಲು ನೋವಿಗೆ ಕೆನ್ನೆ ಊದಿಕೊಂಡಿತ್ತು. ಬಾಯಿಗೆ ಹತ್ತಿ ತುಂಬಿ ಮದ್ದು ಏರುವವರೆಗೆ ಕಾಯುವಾಗ, ರೋಗಿಯ ಗಮನ ಬೇರೆ ಕಡೆ ಹರಿಯಲಿ ಎಂದು ಡಾಕ್ಟರಮ್ಮ ಏನಾದರೂ ಮಾತಾಡುವುದು ವಾಡಿಕೆ. ಹಿಂದಿನ ದಿನ ಭಾನುವಾರವಾಗಿತ್ತು, ಅವಳ ತಲೆ ಇನ್ನೂ ಚಿಟ್ಟು ಹಿಡಿದಿತ್ತು. ಸೌಟು, ಜಗ್ಗು, ಬೆಣ್ಣೆಯಂಥ ಗೇರು, ಅಡ್ಡಡ್ಡ ಓಡುವ ಲಿಫ್ಟು, ಶಾಲೆಯ ಮೈದಾನ, ಎಲ್ಲವನ್ನೂ ಹೇಳಿಕೊಂಡಳು. ತೆರೆದ ಬಾಯಿ ಮರುಮಾತಾಡುವುದಿಲ್ಲ, ಅದೇ ಅವಳ ಧೈರ್ಯ. ಹಲ್ಲು ಕಿತ್ತಾದ ಮೇಲೆ ಆ ಹೆಂಗಸು ಹತ್ತಿಯನ್ನು ಕೆನ್ನೆಯ ಒಂದು ಬದಿಗೆ ಸರಿಸಿಕೊಂಡು, ಸೊಟ್ಟ ಬಾಯಲ್ಲೇ ಹೇಳಿದರು:

“ನಂದು ಡ್ರೈವಿಂಗ್ ಸ್ಕೂಲು, ಡಾಕ್ಟ್ರೇ. ಮೊದಲು ಸಿಟಿ ಬಸ್ ಓಡಿಸ್ತಿದ್ದೆ. ನಾಳೆ ಬೆಳಿಗ್ಗೆ ಹೊತ್ತು ಹುಟ್ಟೋ ಹೊತ್ತಿಗೆ ನೀರಿನ ಟ್ಯಾಂಕ್ ಹತ್ರ ಬನ್ನಿ.”

ಹೋಗುವುದಿಲ್ಲ ಎಂದೇ ಡಾಕ್ಟರಮ್ಮ ಮಲಗಿದಳು. ಬೆಳಿಗ್ಗೆ ಎದ್ದು, ನಡೆದಾಡಿ ಬರುತ್ತೇನೆ ಎಂದು ಗಂಡನಿಗೆ ಹೇಳಿ, ಹೋದಳು.

ಟೀಚರಮ್ಮ ಕೂಗುತ್ತಿರಲಿಲ್ಲ. ತಪ್ಪಾದರೆ ಸೀಟಿ ಊದುತ್ತಿದ್ದರು, ಅಷ್ಟೇ. ಮೊದಲ ದಿನ ಸೀಟಿಗೆ ಬಿಡುವೇ ಸಿಗಲಿಲ್ಲ. ಕಾರು ಮೇಕೆಯ ಹಾಗೆ ನೆಗೆಯುವುದು, ನಿಲ್ಲುವುದು. ಮತ್ತೆ ನೆಗೆಯುವುದು, ನಿಲ್ಲುವುದು. ಕೊನೆಗೆ ಟೀಚರಮ್ಮ ಅವಳ ಪಾದಗಳನ್ನೇ ಬಗ್ಗಿ ನೋಡಿ, ನಿಮ್ಮ ಬಲಗಾಲು ಓದಿಕೊಂಡಿದೆ, ಎಡಗಾಲಿಗೆ ಅಕ್ಷರಾಭ್ಯಾಸವೇ ಆಗಿಲ್ಲ ಅಂದರು. ಯೋಚಿಸಿ ನೋಡಿದರೆ ಅದು ಸರಿ. ಹಲ್ಲು ಕೊರೆಯುವ ಯಂತ್ರ ನಡೆಯುವುದು ಕಾಲಿನ ಪೆಡಲಿನಿಂದ, ಅದನ್ನು ಒತ್ತುವುದು ಅವಳ ಬಲಗಾಲು. ಎಷ್ಟೋ ವರ್ಷಗಳಿಂದ ಬಲಗಾಲು ಕೂದಲೆಳೆಯಷ್ಟು ಲೆಕ್ಕ ಹಾಕಿ ದುಡಿಯುತ್ತಿದ್ದರೆ, ಎಡಗಾಲು ಪಕ್ಕದಲ್ಲಿ ಸುಮ್ಮನೆ ನಿಂತು ಸಂಬಳ ತೆಗೆದುಕೊಂಡಿತ್ತು. ಕಾಲಿಗೆ ಬುದ್ಧಿ ಹೇಳುವುದೆಂದರೆ ಓಡಿಹೋಗುವುದು ಎಂದು ತಿಳಿದಿದ್ದವಳಿಗೆ ಈಗ ನಿಜವಾಗಿಯೂ ಒಂದು ಕಾಲನ್ನು ಕೂರಿಸಿಕೊಂಡು ಬುದ್ಧಿ ಹೇಳುವ ಕೆಲಸ ಬಂತು.

ಟೀಚರಮ್ಮನ ಸಲಹೆಯಂತೆ ಎಡಗಾಲಿನ ಚಪ್ಪಲಿ ಬಿಚ್ಚಿಟ್ಟು ಓಡಿಸಿದಳು. ಕ್ಲಿನಿಕ್ಕಿನಲ್ಲಿ ರೋಗಿಯ ಬಾಯೊಳಗೆ ಕನ್ನಡಿ ಹಿಡಿದಿರುವಾಗಲೂ ಕುರ್ಚಿಯ ಕೆಳಗೆ ಎಡ ಹಿಮ್ಮಡಿ ನೆಲಕ್ಕೂರಿ, ಮುಂಗಾಲನ್ನು ನಿಧಾನವಾಗಿ, ಇನ್ನೂ ನಿಧಾನವಾಗಿ ಎತ್ತುವುದನ್ನು ರೂಢಿ ಮಾಡಿಕೊಂಡಳು. ಕಾಲು ಜೋಮು ಹಿಡಿದಿದೆಯೇ ಎಂದು ನರ್ಸು ವಿಚಾರಿಸಿಕೊಂಡಳು. ಹೌದೆಂದಳು. ಮನೆಯಲ್ಲಿ ಗಂಡ, ಬೆಳಗಿನ ನಡಿಗೆಯಿಂದ ನಿನ್ನ ಮುಖಕ್ಕೆ ಕಳೆ ಬಂದಿದೆ, ಬಿಡಬೇಡ ಅಂದ. ಅದಕ್ಕೂ ಹೌದೆಂದಳು.

ಒಂದು ಬೆಳಿಗ್ಗೆ ನೀರಿನ ಟ್ಯಾಂಕಿನ ಪಕ್ಕದ ಏರಿನಲ್ಲಿ ಟೀಚರಮ್ಮ ಕಾರು ನಿಲ್ಲಿಸಲು ಹೇಳಿ ಹ್ಯಾಂಡ್‌ಬ್ರೇಕ್ ಎಳೆಸಿದರು. ಕ್ಲಚ್ಚನ್ನು ಸ್ವಲ್ಪ ಸ್ವಲ್ಪವೇ ಬಿಡಿ, ಸದ್ದು ದಪ್ಪಗಾಗುತ್ತದೆ, ಮೂತಿ ಎತ್ತುತ್ತದೆ, ಆಗ ಹ್ಯಾಂಡ್‌ಬ್ರೇಕ್ ಇಳಿಸಿ ಅಂದರು. ಡಾಕ್ಟರಮ್ಮ ಬಿಟ್ಟಳು. ಎಂಜಿನ್ನಿನ ಸದ್ದು ದಪ್ಪಗಾಯಿತು. ಕಾರು ಉಸಿರು ಬಿಗಿಹಿಡಿದು ನಿಂತ ಹಾಗಾಯಿತು. ಹಲ್ಲು ಕೀಳುವಾಗ ಇಕ್ಕಳದ ತುದಿಯಲ್ಲಿ ಇಂಥದೇ ಒಂದು ಗಳಿಗೆ ಬರುತ್ತದೆ. ಅಲ್ಲಿಯವರೆಗೆ ಹಟ ಹಿಡಿದಿದ್ದ ಹಲ್ಲು ಇದ್ದಕ್ಕಿದ್ದಂತೆ ಆಗಲಿ ಎಂದು ಒಪ್ಪಿಕೊಳ್ಳುವ ಗಳಿಗೆ. ಅದು ಅವಳ ಕೈಗೆ ಚೆನ್ನಾಗಿ ಗೊತ್ತಿತ್ತು. ಈಗ ಮೊದಲ ಬಾರಿಗೆ ಕಾಲಿಗೂ ಗೊತ್ತಾಯಿತು. ಹ್ಯಾಂಡ್‌ಬ್ರೇಕ್ ಇಳಿಸಿದಳು. ಕಾರು ಒಂದಂಗುಲವೂ ಹಿಂದೆ ಜಾರದೆ ಏರನ್ನು ಹತ್ತಿತು. ಟೀಚರಮ್ಮ ಸೀಟಿ ಊದಲಿಲ್ಲ.

ಹಾಗಾದರೆ ಗಂಡ ಇಷ್ಟು ವರ್ಷ ಹೇಳಿದ್ದು ಸುಳ್ಳಲ್ಲ. ಈ ವಿಚಾರ ಹೊಳೆದು ಅವಳಿಗೆ ಖುಷಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಇಂಥ ಸುಖವನ್ನು ಒಬ್ಬನೇ ಕೂತು ತಿಂದಿದ್ದಾನಲ್ಲ.

ಪರೀಕ್ಷೆಯೂ ಆಯಿತು, ಲೈಸೆನ್ಸೂ ಬಂತು. ಮನೆಯಲ್ಲಿ ಮಾತ್ರ ಬಾಯಿ ಬಿಡಲಿಲ್ಲ. ಹೇಳಿದ ಮರುಗಳಿಗೆಯೇ ಗಂಡ ಪಕ್ಕದ ಸೀಟಿನಲ್ಲಿ ಬಂದು ಕೂರುತ್ತಾನೆ, ಮತ್ತೆ ಕ್ಲಚ್ ಶಬ್ದದ ಪಾರಾಯಣ ಶುರುವಾಗುತ್ತದೆ ಎಂಬುದು ಅವಳ ಭಯ. ಸಮಯ ಬಂದಾಗ ಹೇಳಿದರಾಯಿತು ಎಂದು ಮುಂದೂಡಿದಳು. ಒಳಗೊಳಗೇ ಗುಟ್ಟಿನ ರುಚಿಯೂ ಹತ್ತಿತ್ತು.

ಮುಂದಿನ ಭಾನುವಾರ ಜಗಳ ತಾರಕಕ್ಕೇರಿತು. ನಾಲ್ಕರಿಂದ ಐದಕ್ಕೆ ಹೋಗುವ ಭರದಲ್ಲಿ ಗಂಡನ ಸೌಟು ಜಗ್ಗನ್ನೇ ಉರುಳಿಸಿತು. ನೀರೆಲ್ಲ ತಮ್ಮನ ತೊಡೆಯ ಮೇಲೆ. ತಮ್ಮ ತಣ್ಣಗೆ, ನನ್ನ ಜಗ್ಗಾಗಿದ್ದರೆ ತಾನೇ ನಿಲ್ಲುತ್ತಿತ್ತು ಅಂದ. ಡಾಕ್ಟರಮ್ಮ ಬಟ್ಟೆ ತಂದು ನೆಲ ಒರೆಸಲಿಲ್ಲ. ಕೂತಲ್ಲೇ ಕೂತು ಹೇಳಿದಳು:

“ನೀವಿಬ್ರೂ ಕಾರು ಅದಲು ಬದಲು ಮಾಡ್ಕೊಳ್ಳಿ. ಬರೋ ಭಾನುವಾರ ಇವರು ನಿನ್ನ ಬಿಳಿ ಕಾರಲ್ಲಿ ನನ್ನನ್ನ ಗುಡ್ಡದ ಮೇಲಕ್ಕೆ ಕರ್ಕೊಂಡು ಹೋಗ್ಲಿ. ಅದರ ಮುಂದಿನ ವಾರ ನೀನು ಕೆಂಪು ಕಾರಲ್ಲಿ ಕರ್ಕೊಂಡು ಹೋಗು. ಯಾವುದು ಚೆಂದ ಅಂತ ನಾನು ಹೇಳ್ತೀನಿ. ಆಮೇಲೆ ಈ ಮೇಜಿನ ಹತ್ರ ಗೇರಿನ ಮಾತೆತ್ತಿದೋರು ಆವತ್ತಿನ ಪಾತ್ರೆ ತೊಳೀಬೇಕು.”

ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಇಬ್ಬರಿಗೂ ಇದು ಹಿಡಿಸಿತು. ಏನೂ ಗೊತ್ತಿಲ್ಲದವಳ ತೀರ್ಪಿನಲ್ಲಿ ಪಕ್ಷಪಾತ ಇರುವುದಿಲ್ಲ ಎಂದು ಗಂಡ ಅಂದ. ಸರಿಯಾದ ಮಾತು ಎಂದು ತಮ್ಮ ತಲೆಯಾಡಿಸಿದ. ಡಾಕ್ಟರಮ್ಮ ಎದ್ದು ನೆಲ ಒರೆಸುವ ಬಟ್ಟೆ ತಂದಳು.

ಮೊದಲ ಭಾನುವಾರ ಗಂಡ ಬಿಳಿ ಕಾರಿನಲ್ಲಿ ಕೂತ. ಪಕ್ಕದಲ್ಲಿ ಡಾಕ್ಟರಮ್ಮ, ಹಿಂದೆ ತಮ್ಮ. ಎಡಗಾಲಿಗೆ ಇಲ್ಲಿ ಕೆಲಸವಿಲ್ಲ, ಅದನ್ನು ಮಡಚಿ ಪಕ್ಕಕ್ಕಿಡಿ ಎಂದು ತಮ್ಮ ಎರಡು ಸಲ ಹೇಳಿದ. ಅಷ್ಟೂ ತಿಳಿಯದ ಕೂಸೇ ನಾನು ಎಂದು ಗಂಡ ‘ಡಿ’ಗೆ ಎಳೆದ. ಬ್ರೇಕಿನಿಂದ ಕಾಲೆತ್ತಿದ್ದೇ ಕಾರು ತಾನಾಗಿ ಹೊರಟಿತು. ಅಪ್ಪಣೆ ಕೇಳದೆ ಹೊರಟ ಕಾರನ್ನು ಅವನು ಅದುವರೆಗೆ ಕಂಡಿರಲಿಲ್ಲ. ಮುಂದೆ ಒಬ್ಬ ಸೈಕಲ್ಲಿನವನು ಅಡ್ಡ ಬಂದ. ಗಂಡ ಅಭ್ಯಾಸಬಲದಿಂದ ಕ್ಲಚ್ ತುಳಿದ. ಕ್ಲಚ್ ಇದ್ದರಲ್ಲವೇ ತುಳಿಯುವುದು? ಅಲ್ಲಿ ಇದ್ದದ್ದು ಅಗಲವಾದ ಬ್ರೇಕು. ಎಂಜಿನ್ನಿನ ಜೊತೆ ವರ್ಷಗಟ್ಟಲೆ ಕುಸ್ತಿಯಾಡಿದ ಎಡಗಾಲು ಅದನ್ನು ಮೈಯೆಲ್ಲ ಬಲ ಹಾಕಿ ಒತ್ತಿತು. ಮೂವರ ತಲೆಗಳೂ ಒಟ್ಟಿಗೆ ಮುಂದೆ ಹೋಗಿ ಒಟ್ಟಿಗೆ ಹಿಂದೆ ಬಂದವು. ಗಂಡನ ಕನ್ನಡಕ ಹಾರಿ ಗಾಜಿಗೆ ಬಡಿದು ಬಿತ್ತು. ಸೈಕಲ್ಲಿನವನು ಅಷ್ಟು ದೂರದಲ್ಲೇ ನಿಂತ ಕಾರನ್ನು ನೋಡಿ, ಇಷ್ಟೊಂದು ಮರ್ಯಾದೆ ಯಾಕೆಂದು ತಿಳಿಯದೆ ಕೈ ಮುಗಿದು ಹೋದ.

ಎಡಗಾಲಿನ ಈ ಎಡವಟ್ಟು ಊರು ದಾಟುವವರೆಗೂ ನಡೆಯಿತು. ಡಾಕ್ಟರಮ್ಮ ಎರಡೂ ಕೈಗಳನ್ನು ಮುಂದಿನ ಡ್ಯಾಶ್‌ಬೋರ್ಡಿಗೆ ಒತ್ತಿಕೊಂಡೇ ಕೂತಳು. ಆಮೇಲೆ ಗುಡ್ಡದ ರಸ್ತೆ ಬಂತು. ಗಂಡ ಎಡಗಾಲನ್ನು ಸೀಟಿನ ಕೆಳಕ್ಕೆ ಎಳೆದಿಟ್ಟುಕೊಂಡ. ಎಡಗೈ ಮಾತ್ರ ಒಂದೊಂದು ತಿರುವಿಗೂ ಕೆಳಗಿಳಿದು ಗೇರನ್ನು ತಡಕಿ, ಮಾಡಲು ಏನೂ ಸಿಗದೆ, ತೊಡೆಯ ಮೇಲೆ ಬಂದು ಕೂರುತ್ತಿತ್ತು. ಹಾಗೇ ಸ್ವಲ್ಪ ಹೊತ್ತಿಗೆ ಅದೂ ಸೋತು ಸುಮ್ಮನಾಯಿತು. ಆಗ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಗಂಡ ಮಾತಾಡತೊಡಗಿದ.

ಕೆಂಪು ಕಾರಿನಲ್ಲಿ ಅವನು ಮಾತಾಡುತ್ತಿರಲಿಲ್ಲ. ಅವಳು ಮಾತು ಶುರು ಮಾಡಿದರೂ ಬೆರಳೆತ್ತಿ, ತಾಳು, ಸದ್ದು ಕೇಳು, ಈಗ ಮೂರು, ಎನ್ನುತ್ತಿದ್ದ. ಈಗ ಕೇಳುವ ಸದ್ದೂ ಇರಲಿಲ್ಲ, ಹಾಕುವ ಗೇರೂ ಇರಲಿಲ್ಲ. ಅಂಗಡಿಗೆ ಬಂದಿದ್ದ ಒಬ್ಬ ಮುದುಕನ ಕಥೆ ಹೇಳಿದ. ಹೊಸ ಕನ್ನಡಕ ಹಾಕಿಕೊಂಡು ಕನ್ನಡಿಯಲ್ಲಿ ತನ್ನ ಮುಖವನ್ನು ತುಂಬ ಹೊತ್ತು ನೋಡಿಕೊಂಡ ಆತ, ಬೇಡಪ್ಪ, ಹಳೆಯದನ್ನೇ ಕೊಟ್ಟುಬಿಡು ಅಂದನಂತೆ. ಡಾಕ್ಟರಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಹಲ್ಲಿನ ಸೆಟ್ಟನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದು, ಇದು ಹೆಂಡತಿಯದೋ ನನ್ನದೋ ನೋಡಿ ಹೇಳಿ ಎಂದ ಒಬ್ಬನ ಕಥೆಯನ್ನು ಅವಳೂ ಹೇಳಿದಳು. ಗುಡ್ಡದ ತುದಿಯ ಹವಾಮಾನ ಕೇಂದ್ರ ಬಂದದ್ದೇ ಗೊತ್ತಾಗಲಿಲ್ಲ. ಹಿಂದಿನ ಸೀಟಿನಲ್ಲಿ ತಮ್ಮ ಬಾಯಿ ತೆರೆದು ನಿದ್ದೆ ಹೋಗಿದ್ದ.

ಇಳಿದ ಮೇಲೆ ಹೇಗಿತ್ತೆಂದು ತಮ್ಮ ಕೇಳಿದ್ದಕ್ಕೆ ಗಂಡ ಬಿಗುಮಾನದಿಂದ, ಕಾರು ಓಡಿಸಿದ ಹಾಗೇ ಆಗಲಿಲ್ಲ ಅಂದ. ಅದು ದೂರೋ ಹೊಗಳಿಕೆಯೋ ಅವನಿಗೇ ಗೊತ್ತಿದ್ದಂತೆ ಕಾಣಲಿಲ್ಲ.

ಎರಡನೇ ಭಾನುವಾರ ತಮ್ಮನ ಸರದಿ. ಅವನೂ ಹಿಂದೆ ಗೇರಿನ ಕಾರಿನಲ್ಲೇ ಕಲಿತವನು. ಈಜಿನ ಹಾಗೆ, ಒಮ್ಮೆ ಕಲಿತರೆ ಮರೆಯುವುದುಂಟೇ ಎಂದು ಕೊಚ್ಚಿಕೊಳ್ಳುತ್ತ ಕೆಂಪು ಕಾರು ಹತ್ತಿದ. ಗಂಡ ಹಿಂದೆ ಬಲಗಡೆ ಕೂತು, ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಿಂದ ಹಿಡಿದುಕೊಂಡ. ಮಗಳನ್ನು ಗಂಡನ ಮನೆಗೆ ಕಳಿಸುವ ಅಪ್ಪನ ಮುಖವಾಗಿತ್ತು ಅವನದು. ತೀರ್ಪುಗಾರಳು ಮುಂದೆ, ಎಡಗಡೆ.

ಮನೆಯ ಬೀದಿ ದಾಟುವವರೆಗೆ ಎಲ್ಲ ಸರಿಯಾಗೇ ಇತ್ತು. ಗೇರು ಬದಲಿಸುವಾಗ ಕರಕರ ಎಂದು ಹಲ್ಲು ಕಡಿದ ಸದ್ದು ಬಂದಾಗಲೆಲ್ಲ ಹಿಂದಿನಿಂದ ಒಂದು ಸಣ್ಣ ನರಳಾಟ ಕೇಳುತ್ತಿತ್ತು. ಆ ಸದ್ದು ಡಾಕ್ಟರಮ್ಮನಿಗೂ ಹಿಡಿಸಲಿಲ್ಲ. ಅದು ಅವಳ ವೃತ್ತಿಯದೇ ಸದ್ದು. ಆಮೇಲೆ ಸೇತುವೆಯ ಏರು ಬಂತು. ಏರಿನ ನಡುವೆಯೇ ಸಿಗ್ನಲ್ಲು, ಸಿಗ್ನಲ್ಲಿಗೆ ಕೆಂಪು. ಮುಂದೆ ಒಂದು ಹಾಲಿನ ವ್ಯಾನು, ಹಿಂದೆ ಸಾಲುಗಟ್ಟಿ ನಿಂತ ಗಾಡಿಗಳು. ಹಿಂಬದಿಗೆ ಒತ್ತಿಕೊಂಡೇ ಒಂದು ಹೊಸ ಕಾರು, ಅದರೊಳಗೆ ಮದುಮಗಳ ಹಾಗೆ ಅಲಂಕರಿಸಿದ ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡ ಒಬ್ಬಾಕೆ.

ಹಸಿರು ಬಂತು. ವ್ಯಾನು ಹೋಯಿತು. ತಮ್ಮ ಬ್ರೇಕು ಬಿಟ್ಟ; ಕಾರು ಮುಂದೆ ಹೋಗುವ ಬದಲು ಹಿಂದೆ ಜಾರಿತು. ಗಾಬರಿಯಿಂದ ಕ್ಲಚ್ ಪೂರ್ತಿ ಬಿಟ್ಟ. ಕಾರು ಒಮ್ಮೆ ಗಡಗಡ ನಡುಗಿ ಸತ್ತಿತು. ಮತ್ತೆ ಚಾಲೂ ಮಾಡಿದ, ಮತ್ತೆ ಜಾರಿತು, ಮತ್ತೆ ಸತ್ತಿತು. ಹಿಂದಿನ ಹಾರನ್ನುಗಳೆಲ್ಲ ಒಟ್ಟಿಗೆ ಶುರುವಾದವು. ನಾಯಿಯೂ ದನಿಗೂಡಿಸಿತು. ಹಾಸಿಗೆ ಅಂಗಡಿಯ ಧಣಿಯ ಬೆನ್ನು ಬೆವರಿನಿಂದ ಸೀಟಿಗೆ ಅಂಟಿಕೊಂಡಿತ್ತು. ಗಂಡ ಹಿಂದಿನಿಂದ ಎರಡೂ ಕಿವಿಗಳಿಗೆ ಸರದಿಯ ಮೇಲೆ ಸಲಹೆ ಕೊಡುತ್ತಿದ್ದ: ಅರ್ಧ ಕ್ಲಚ್, ಅರ್ಧವೆಂದರೆ ಅರ್ಧವಲ್ಲ, ಅರ್ಧಕ್ಕಿಂತ ಸ್ವಲ್ಪ ಮೇಲೆ. ಮೂರನೆಯ ಸಲ ಕಾರು ಹಿಂದಿನ ಹೊಸ ಕಾರಿಗೆ ಇನ್ನೇನು ತಾಗಿತು ಎನ್ನುವಾಗ ನಿಂತಿತು, ಸಿಗ್ನಲ್ಲೂ ಮತ್ತೆ ಕೆಂಪಾಯಿತು. ತಮ್ಮ ಹ್ಯಾಂಡ್‌ಬ್ರೇಕ್ ಎಳೆದು, ಬಾಗಿಲು ತೆಗೆದು, ಇಳಿದೇಬಿಟ್ಟ.

“ನನ್ ಕೈಲಾಗಲ್ಲ ಭಾವ. ನೀವೇ ಬಂದು ಓಡಿಸಿ.”

ಗಂಡ ಇದಕ್ಕೇ ಕಾದಿದ್ದವನ ಹಾಗೆ ಪಕ್ಕದ ಬಾಗಿಲಿನ ಹಿಡಿ ಎಳೆದ. ಬಾಗಿಲು ತೆಗೆಯಲಿಲ್ಲ. ಒಳಗಿನಿಂದ ಅದು ತೆಗೆದ ದಾಖಲೆಯೇ ಇರಲಿಲ್ಲ. ಮತ್ತೆ ಎಳೆದ, ಭುಜ ಕೊಟ್ಟು ನೂಕಿದ. ಆಮೇಲೆ ನೆನಪಾಗಿ, ಎಡಬಾಗಿಲಿನ ಕಡೆಗೆ ಸೀಟಿನ ಮೇಲೆ ತೆವಳತೊಡಗಿದ. ಅಷ್ಟರಲ್ಲಿ ಡಾಕ್ಟರಮ್ಮ ಇಳಿದು, ಮುಂದುಗಡೆಯಿಂದ ಸುತ್ತಿ ಬಂದು, ರಸ್ತೆಯಲ್ಲಿ ನಿಂತಿದ್ದ ತಮ್ಮನನ್ನು ಅತ್ತ ಹೋಗಿ ಕೂರು ಎಂದು ಕಳಿಸಿ, ಸ್ಟೀರಿಂಗಿನ ಹಿಂದೆ ಕೂತಾಗಿತ್ತು. ಎಡಗಾಲಿನ ಚಪ್ಪಲಿ ಬಿಚ್ಚಿ ಪಕ್ಕಕ್ಕೆ ಸರಿಸಿ, ಕಾರು ಚಾಲೂ ಮಾಡಿದಳು.

“ಏನೇ ಮಾಡ್ತಿದ್ದೀಯ?” ತೆವಳುತ್ತಿದ್ದವನು ಅರ್ಧದಲ್ಲೇ ನಿಂತು ಕೇಳಿದ.

“ನೇರ ಕೂತ್ಕೊಳ್ರೀ. ಕನ್ನಡಿಯಲ್ಲಿ ನಿಮ್ಮ ಬೆನ್ನು ಬಿಟ್ರೆ ಏನೂ ಕಾಣ್ತಿಲ್ಲ.”

ಟೀಚರಮ್ಮನ ಕಾರೇ ಬೇರೆ, ಇದೇ ಬೇರೆ. ಅಲ್ಲಿ ತಪ್ಪಿದರೆ ಸೀಟಿ. ಇಲ್ಲಿ ಹಾರನ್ನು, ನಾಯಿ, ಗಂಡ. ಹಸಿರು ಬಂತು. ಅವಳು ಕಣ್ಣು ಸಿಗ್ನಲ್ಲಿನ ಮೇಲಿಟ್ಟು, ಎಡಗಾಲನ್ನು ರೋಗಿಯ ನೋಯುವ ಹಲ್ಲನ್ನು ಮುಟ್ಟುವಷ್ಟು ಹುಷಾರಾಗಿ ಎತ್ತಿದಳು. ಈ ಕಾರಿನ ಕ್ಲಚ್ ಎಷ್ಟೋ ಮೇಲೆ ಹಿಡಿಯುತ್ತಿತ್ತು. ಇನ್ನೂ ಹಿಡಿಯಲಿಲ್ಲ, ಇನ್ನೂ ಹಿಡಿಯಲಿಲ್ಲ, ಇವತ್ತು ಹಿಡಿಯುವುದೇ ಇಲ್ಲವೇನೋ ಅನ್ನುವಷ್ಟರಲ್ಲಿ ಸದ್ದು ದಪ್ಪಗಾಯಿತು, ಮೂತಿ ಎದ್ದಿತು. ಹ್ಯಾಂಡ್‌ಬ್ರೇಕ್ ಇಳಿಸಿದಳು. ಕೆಂಪು ಕಾರು ಒಂದು ಕೂದಲಷ್ಟೂ ಹಿಂದೆ ಸರಿಯದೆ ಏರು ಹತ್ತಿ, ಸಿಗ್ನಲ್ಲು ದಾಟಿ, ಸೇತುವೆಯ ಮೇಲೆ ಬಂತು. ಅವಳು ಎರಡಕ್ಕೆ ಹಾಕಿದಳು, ಮೂರಕ್ಕೆ ಹಾಕಿದಳು. ಬೆಣ್ಣೆ ಅಂದದ್ದು ನಿಜ.

ತಮ್ಮ ಅಕ್ಕನ ಕಾಲನ್ನೇ ನೋಡುತ್ತಿದ್ದ. ಹಿಂದೆ ಗಂಡ, ತನ್ನ ಹೆಂಡತಿಯ ಜಾಗದಲ್ಲಿ ಯಾರೋ ಬಂದು ಕೂತಿದ್ದಾರೇನೋ ಎಂಬಂತೆ ಕನ್ನಡಿಯಲ್ಲಿ ಅವಳ ಕಣ್ಣನ್ನು ಹುಡುಕುತ್ತಿದ್ದ. ಗುಡ್ಡದ ಮೊದಲ ತಿರುವಿನಲ್ಲಿ ಅವನಿಗೆ ತಡೆಯಲಾಗಲಿಲ್ಲ. ಯಾವಾಗಿನಿಂದ ಎಂದು ಕೇಳಿದ. ಬೆಳಗಿನ ನಡಿಗೆ ಶುರುವಾದಾಗಿನಿಂದ ಎಂದು ಅವಳು ಹೇಳಿದಳು. ತಮ್ಮ ಮೊದಲು ನಕ್ಕ. ಆಮೇಲೆ ಗಂಡನಿಗೂ ನಗು ಬಂತು. ಬರಬಾರದೆಂದು ಎಷ್ಟು ಹಿಡಿದರೂ ಬಂತು. ಮುಖಕ್ಕೆ ಕಳೆ ಬಂದಿದೆ ಎಂದು ಹೊಗಳಿದವನು ತಾನೇ ಅಲ್ಲವೇ?

ಮುಂದಿನ ತಿರುವುಗಳಲ್ಲಿ ಡಾಕ್ಟರಮ್ಮ ಪ್ರಪಂಚ ಮರೆತಳು. ತಿರುವು ಬರುವ ಮೊದಲೇ ಎರಡಕ್ಕಿಳಿಸುವುದು, ತಿರುವಿನ ನಡುವೆ ಕಾಲೂರುವುದು, ಕಾರು ರಸ್ತೆಗೆ ಕಚ್ಚಿಕೊಂಡು ಏಳುವುದು, ಮತ್ತೆ ಮೂರು. ಒಮ್ಮೆ ತಮ್ಮ ಏನೋ ಹೇಳಲು ಬಾಯಿ ತೆಗೆದಾಗ ಅವಳು ಬೆರಳೆತ್ತಿ, ತಾಳೋ, ಸದ್ದು ಕೇಳು ಅಂದಳು. ಅಂದ ಮೇಲೆ ಅವಳಿಗೇ ನಾಚಿಕೆಯಾಯಿತು. ಹಿಂದಿನಿಂದ ಗಂಡ ಇಡೀ ದಿನದಲ್ಲಿ ಮೊದಲ ಬಾರಿಗೆ ಸಮಾಧಾನದ ಉಸಿರು ಬಿಟ್ಟ.

ಹವಾಮಾನ ಕೇಂದ್ರದ ಮುಂದೆ ಕಾರು ನಿಲ್ಲಿಸುವಾಗ ಕ್ಲಚ್ ಒತ್ತುವುದನ್ನು ಮರೆತು ಎಂಜಿನ್ ಸಾಯಿಸಿದಳು. ಕಾರು ಮೂವರನ್ನೂ ಒಮ್ಮೆ ಕುಲುಕಿ ನಿಂತಿತು. ಹಿಡಿದಿಟ್ಟ ಮಾತಿನಿಂದ ಗಂಡನ ಕುತ್ತಿಗೆಯ ನರ ಉಬ್ಬಿದ್ದು ಕನ್ನಡಿಯಲ್ಲಿ ಕಂಡಿತು. ಅವಳು ಇಳಿದು ಹೋಗಿ ಹೊರಗಿನಿಂದ ಅವನ ಬಾಗಿಲು ತೆಗೆದಳು.

ಬೇಲಿಯ ಪಕ್ಕದ ಸಣ್ಣ ಅಂಗಡಿಯಲ್ಲಿ ಚಹಾ ಕುಡಿಯುವಾಗ ಇಬ್ಬರೂ ತೀರ್ಪು ಕೇಳಿದರು. ಕೆಳಗೆ ಊರು, ಸೇತುವೆ, ಸೇತುವೆಯ ಮೇಲೆ ಇನ್ನೂ ಕರಗದ ಗಾಡಿಗಳ ಸಾಲು ಕಾಣುತ್ತಿತ್ತು. ಡಾಕ್ಟರಮ್ಮ ಲೋಟ ಕೆಳಗಿಟ್ಟಳು.

“ಬಿಳಿ ಕಾರಲ್ಲಿ ಇವರ ಪಕ್ಕ ಕೂರೋದು ಚೆಂದ. ಕೆಂಪು ಕಾರಲ್ಲಿ ಪಕ್ಕ ಕೂರೋದು ಶಿಕ್ಷೆ, ಓಡಿಸೋದು ಚೆಂದ. ಇದರಲ್ಲಿ ಯಾರು ಗೆದ್ರು ಅಂತ ನೀವೇ ಹಂಚ್ಕೊಳ್ಳಿ.”

ಅದು ತೀರ್ಪೇ ಅಲ್ಲ ಎಂದು ತಮ್ಮ ತಕರಾರು ತೆಗೆದ. ಪಕ್ಕದಲ್ಲಿ ಕೂತವರ ಸುಖವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆಂದು ಮೊದಲೇ ಹೇಳಬೇಕಿತ್ತು ಎಂದು ಗಂಡ ಅಂದ. ನಿಮಗೆ ಅದು ಹೊಳೆಯಲೇ ಇಲ್ಲವಲ್ಲ ಎಂದು ಅವಳು ಕೇಳಿದಳು. ಗಂಡ ಲೋಟದಲ್ಲಿ ಉಳಿದಿದ್ದ ಚಹಾ ಕುಡಿದು ಮುಗಿಸಿದ. ಆಮೇಲೆ ಮೆಲ್ಲಗೆ, ಆವತ್ತು ಮೈದಾನದಲ್ಲಿ ನಾನು ಅಷ್ಟು ಕೂಗಬಾರದಿತ್ತು ಅಂದ. ತಮ್ಮನಿಗೆ ಅದು ಯಾವ ಮೈದಾನವೆಂದು ತಿಳಿಯಲಿಲ್ಲ. ಡಾಕ್ಟರಮ್ಮ ತನ್ನ ತಟ್ಟೆಯಲ್ಲಿ ಉಳಿದಿದ್ದ ಬಿಸ್ಕತ್ತನ್ನು ಗಂಡನ ಕಡೆ ಸರಿಸಿದಳು.

ಇಳಿಯುವಾಗಲೂ ಅವಳೇ ಓಡಿಸಿದಳು. ಈ ಸಲ ಗಂಡ ಪಕ್ಕದ ಸೀಟಿನಲ್ಲಿ. ಅವನ ಎಡಗಾಲು ಅವಳ ಕಾಲಿನ ಜೊತೆಯೇ ಕೆಳಗಿನ ಮ್ಯಾಟನ್ನು ಒತ್ತುತ್ತಿತ್ತು, ಬಿಡುತ್ತಿತ್ತು. ಆ ಕಡೆ ಕ್ಲಚ್ ಇಲ್ಲ ಎಂದು ಅವಳು ಹೇಳಿದ ಮೇಲೆ ಕಾಲು ಮಡಚಿಕೊಂಡ. ಮಾಡಲು ಕೆಲಸವಿಲ್ಲದೆ ಕಿಟಕಿಯಿಂದ ಹೊರಗೆ ನೋಡತೊಡಗಿದ. ಮೊದಮೊದಲು ಬೇರೆಯವರ ಡ್ರೈವಿಂಗ್ ನೋಡಿ ಗೊಣಗುತ್ತಿದ್ದವನು, ಆಮೇಲೆ ಮರಗಳನ್ನು, ಮನೆಗಳನ್ನು, ಮಹಡಿಯ ಮೇಲೆ ಬಟ್ಟೆ ಒಣಹಾಕುವವರನ್ನು ನೋಡಿದ. ಸೇತುವೆಯ ಕೆಳಗೆ ನೀರು ಇಷ್ಟು ಹಸಿರಾಗಿದ್ದದ್ದು ಯಾವಾಗಿನಿಂದ ಎಂದು ಕೇಳಿದ. ಯಾವಾಗಲೂ ಹಾಗೇ ಇದೆ ಎಂದು ಹೆಂಡತಿ ಹೇಳಿದಳು.

ಪೇಟೆಬೀದಿಯ ತಿರುವಿಗೆ ಬಂದಾಗ ಅವನು ತಟ್ಟನೆ ನೆಟ್ಟಗೆ ಕೂತ. ತಿರುವಿನ ಮೂಲೆಯ ಕಟ್ಟಡದ ಮಹಡಿಯಲ್ಲಿ ಇಷ್ಟಗಲದ ಬೋರ್ಡು, ಬೋರ್ಡಿನ ಮೇಲೆ ಎತ್ತಿನ ಗಾಡಿಯ ಚಕ್ರದಷ್ಟು ದೊಡ್ಡ ಕನ್ನಡಕದ ಚಿತ್ರ.

“ಇಲ್ಲೊಂದು ಕನ್ನಡಕದಂಗಡಿ ಯಾವಾಗ ಬಂತು?”

ಬಂದು ಎಷ್ಟೋ ಕಾಲವಾಯಿತು, ನಿಮಗೆ ಗೊತ್ತಿದೆ ಅಂದುಕೊಂಡಿದ್ದೆ ಎಂದು ತಮ್ಮ ಹಿಂದಿನಿಂದ ಅಂದ. ಗಂಡ ದಿನಕ್ಕೆರಡು ಬಾರಿ ಈ ತಿರುವು ದಾಟುವವನು. ಆದರೆ ಇಲ್ಲಿ ಮೂರರಿಂದ ಎರಡಕ್ಕೆ ಇಳಿಸಬೇಕು, ಕಿವಿ ಎಂಜಿನ್ನಿನ ಮೇಲಿರಬೇಕು, ಕಣ್ಣು ರಸ್ತೆಯ ಮೇಲಿರಬೇಕು. ಮಹಡಿಯ ಕಡೆ ಅವನು ಒಮ್ಮೆಯೂ ತಲೆ ಎತ್ತಿರಲಿಲ್ಲ. ಬಾಯಿ ತೆರೆದು ಹಿಂದಕ್ಕೆ ತಿರುಗಿ, ಬೋರ್ಡು ಮರೆಯಾಗುವವರೆಗೂ ನೋಡಿದ. ಆಮೇಲೆ, ಇನ್ನೊಂದು ಸುತ್ತು ಹಾಕುತ್ತೀಯಾ, ಅದರ ಷೋಕೇಸಿನಲ್ಲಿ ಏನಿಟ್ಟಿದ್ದಾನೆಂದು ಸರಿಯಾಗಿ ನೋಡಬೇಕು ಎಂದು ಹೆಂಡತಿಯನ್ನು ಕೇಳಿದ.

ಇನ್ನೊಂದು ಸುತ್ತೆಂದರೆ ಎರಡು ತಿರುವು, ಒಂದು ಏರು. ಡಾಕ್ಟರಮ್ಮ ಬೇಡ ಅನ್ನಲಿಲ್ಲ. ಇಂಡಿಕೇಟರ್ ಹಾಕಿ, ಎರಡಕ್ಕಿಳಿಸಿ, ಪಕ್ಕದ ಬೀದಿಗೆ ತಿರುಗಿಸಿದಳು.